ಸೋತ ತೋಳೂ ಆಟದ ಮಣೆಯೂ

ಭದ್ರಾ ನದಿಯ ದಡದ ಬೆಂಕಿಪುರವು ಭದ್ರಾವತಿಯೆಂಬ ಹೆಸರನ್ನು ತಳೆದು, 1923ರ ಜನವರಿಯಲ್ಲಿ ಅಲ್ಲಿಯ ಊದುಕುಲುಮೆ ಉರಿಯತೊಡಗಿದಂದಿನಿಂದ, ಕೆಮ್ಮಣ್ಣುಗುಂಡಿಯ ಅದಿರನ್ನೂ ಮಲೆನಾಡಿನ ಕಾಡುಮರದ ಇದ್ದಿಲನ್ನೂ ನಂಬಿ ಬೆಳೆದ ಆ ಊರಿಗೆ, ಅವೆರಡಕ್ಕಿಂತಲೂ ಮಿಗಿಲಾದ ಆಧಾರವಾಗಿದ್ದುದು ದುಡಿಯುವ ತೋಳು. ಅಂಥಲ್ಲಿ ಒಬ್ಬನಿಗೆ ಲಕ್ವ ಹೊಡೆಯಿತೆಂದರೆ ಸಂಸಾರದ ಅನ್ನದ ದಾರಿಯೇ ಕಟ್ಟಿಹೋದಂತೆ.

ಚರಕಸಂಹಿತೆಯು ಪಕ್ಷಾಘಾತಕ್ಕೆ ಸ್ವೇದನವನ್ನೂ ಸ್ನೇಹಯುಕ್ತವಾದ ವಿರೇಚನವನ್ನೂ ವಿಧಿಸಿತ್ತು. ಎಣ್ಣೆ ತಿಕ್ಕುವುದು, ಶಾಖ ಕೊಡುವುದು ಮನೆಮನೆಯ ಉಪಚಾರಗಳಾಗಿ ಉಳಿದುಬಂದುವು. ಆದರೆ ರೋಗದ ಮೂಲವಿರುವುದು ರಕ್ತಸಂಚಾರ ಕೆಟ್ಟ ಮಿದುಳಿನಲ್ಲಿ. ತೋಳು ಮತ್ತೆ ಏಳಬೇಕಾದರೆ ಚಲನೆಯನ್ನು ಮಿದುಳಿಗೆ ಹೊಸದಾಗಿ ಕಲಿಸಬೇಕು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಲಂಡನ್ನಿನ ಬೋಬಾತ್ ದಂಪತಿಗಳೂ ಅಮೆರಿಕದಲ್ಲಿ ಸಿಗ್ನೆ ಬ್ರುನ್‌ಸ್ಟ್ರಾಮರೂ ಇದಕ್ಕೆ ಅಂಗಸಾಧನೆಯ ಕ್ರಮಗಳನ್ನು ರೂಪಿಸಿದರು. ಕಲಿಕೆಗೆ ನೂರಾರು ಆವೃತ್ತಿ ಬೇಕು, ಆವೃತ್ತಿಯಿಂದ ಬೇಸರ ಹುಟ್ಟುತ್ತದೆ. ಆ ಬೇಸರವನ್ನು ಕಳೆಯಲೆಂದೇ ಆಟವು ಚಿಕಿತ್ಸಾಲಯವನ್ನು ಹೊಕ್ಕಿತು.

2006ರಲ್ಲಿ ಬಂದ ನಿಂಟೆಂಡೊ ಕಂಪನಿಯ ವೀ ಎಂಬ ಆಟದ ಯಂತ್ರದಲ್ಲಿ, ಕೈಯ ಹಿಡಿಕೆಯನ್ನೆತ್ತಿದರೆ ಪರದೆಯ ಮೇಲೆ ಬ್ಯಾಟು ಏಳುತ್ತದೆ. ರೋಗಿಯ ಲಕ್ಷ್ಯವೆಲ್ಲ ಚೆಂಡಿನ ಮೇಲಿರುವಾಗ ತೋಳು ತಾನಾಗಿ ದುಡಿಯುತ್ತದೆ. ಟೊರಾಂಟೊದ ವೈದ್ಯ ಗುಸ್ತಾವೊ ಸಪೋಸ್ನಿಕರ ಮುಂದಾಳುತನದಲ್ಲಿ ನಾಲ್ಕು ದೇಶಗಳ 141 ರೋಗಿಗಳನ್ನು ಪರೀಕ್ಷಿಸಿ, 2016ರಲ್ಲಿ ಫಲವನ್ನು ಪ್ರಕಟಿಸಿದರು: ಎರಡು ವಾರಗಳಲ್ಲಿ ಹತ್ತು ಸಲ, ಸಲಕ್ಕೊಂದು ಗಂಟೆ ಯಂತ್ರದ ಆಟವಾಡಿದವರೂ, ಇಸ್ಪೀಟು ಮೊದಲಾದ ಸಾಮಾನ್ಯ ಆಟಗಳನ್ನಾಡಿದವರೂ ಸರಿಸಮನಾಗಿ ಸುಧಾರಿಸಿದ್ದರು!

ಈ ಫಲವನ್ನೋದಿದಾಗ ನನ್ನ ಮನಸ್ಸು ಹರಿದುದು ಮಲೆನಾಡಿನ ಚನ್ನೆಮಣೆಯತ್ತ. ಸಾಲಿಗೆ ಏಳರಂತೆ ಎರಡು ಸಾಲು ಕುಳಿಗಳು. ಕುಳಿಯ ಹುಣಸೆಬೀಜಗಳನ್ನು ಐದು ಬೆರಳೂ ಕೂಡಿ ಬಾಚಬೇಕು, ಮುಷ್ಟಿಯಲ್ಲಿ ಹಿಡಿದಿರಬೇಕು, ಹೆಬ್ಬೆರಳಿನಿಂದ ಒಂದೊಂದನ್ನೇ ಸರಿಸಿ ಮುಂದಿನ ಕುಳಿಗಳಿಗೆ ಬಿಡುತ್ತ ಹೋಗಬೇಕು, ಮೊಳಕೈ ನೀಡಿ ಎದುರಾಳಿಯ ಸಾಲನ್ನು ಮುಟ್ಟಬೇಕು. ಸೋತ ಕೈ ಮರಳಿ ಕಲಿಯಬೇಕಾದ ವಿದ್ಯೆಗಳಲ್ಲಿ ಬಹುಪಾಲು ಇವೇ ಅಲ್ಲವೆ? ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿಂದ ಮನೆಗೆ ಮರಳಿದವನೆದುರು ಮೊಮ್ಮಗಳೊಬ್ಬಳು ಮಣೆಯನ್ನಿಟ್ಟು ಕುಳಿತರೆ, ಅದನ್ನು ಕಾಲಹರಣವೆನ್ನಲು ನಾನು ಒಪ್ಪೆನು. 2017ರಲ್ಲಿ ಯಂತ್ರದಾಟದ 72 ಪ್ರಯೋಗಗಳನ್ನು ಒಟ್ಟಿಗೆ ತೂಗಿನೋಡಿದ ಕಾಕ್ರೇನ್ ಸಮೀಕ್ಷೆಯಲ್ಲಿಯೂ, ವಾಡಿಕೆಯ ಚಿಕಿತ್ಸೆಯ ಬದಲಿಗೆ ಯಂತ್ರವನ್ನಿಟ್ಟಾಗ ತೋಳಿಗೆ ಹೆಚ್ಚಿನ ಲಾಭ ಕಂಡುಬರಲಿಲ್ಲ. ಚಿಕಿತ್ಸೆಯ ಜೊತೆಗೆ ಅದನ್ನು ಸೇರಿಸಿ ಅಭ್ಯಾಸದ ಹೊತ್ತನ್ನು ಬೆಳೆಸಿದಾಗ ಲಾಭ ಕಂಡಿತು.

ಆದರೂ ಯಂತ್ರವನ್ನು ಹಳಿಯುವಂತಿಲ್ಲ. ಬೆರಳೇ ಮಡಿಸಲಾರದವನಿಗೆ ಹುಣಸೆಬೀಜವೂ ಬೆಟ್ಟವೇ. ಭುಜವನ್ನು ಅಂಗುಲದಷ್ಟು ಎತ್ತಬಲ್ಲವನ ಆ ಅಲ್ಪಚಲನೆಯನ್ನೇ ಹಿಡಿದು, ಪರದೆಯ ಮೇಲೆ ಪೂರ್ಣವಾದ ತೋಳಿನ ಬೀಸಾಗಿ ಹಿಗ್ಗಿಸಿ ತೋರುವ ಶಕ್ತಿ ಮಣೆಗಿಲ್ಲ, ಯಂತ್ರಕ್ಕುಂಟು.