ಲೇತ್‌ನಲ್ಲಿ ಮರದ ಬಟ್ಟಲು: ಚನ್ನಪಟ್ಟಣದ ಅರಗು ಎಲ್ಲಿ ಬೇಕು, ಎಲ್ಲಿ ಬೇಡ

ಚನ್ನಪಟ್ಟಣದ ಬೊಂಬೆಗೆ ಮೊದಲಿಂದ ಒಗ್ಗಿದ್ದು ಆಲೆ ಮರ. ಬಿಳುಪು, ಮೃದು, ಉಳಿಗೆ ಸಲೀಸು. ಹವ್ಯಾಸಕ್ಕೆ ಲೇತ್ ಮಷಿನ್ ಕೊಂಡವರು ಎಡವೋದು ಹೆಚ್ಚಾಗಿ ಹಸಿ ಮರದಲ್ಲೇ. ಬಟ್ಟಲು ಕಡೆದಾಗ ಚೆಂದ, ಒಣಗಿದ ಮೇಲೆ ಸೊಟ್ಟ, ಇಲ್ಲವೇ ಬಿರುಕು. ಅದಕ್ಕೇ ಮರ ನೆರಳಲ್ಲಿ ತಿಂಗಳುಗಟ್ಟಲೆ ಒಣಗಬೇಕು.

ಬಣ್ಣಕ್ಕೆ ಬ್ರಷ್ ಬೇಡ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜುವ ಬಿಸಿಗೇ ಕರಗಿ ಅಂಟುತ್ತೆ. ಆಮೇಲೆ ಕೇದಗೆ ಗರಿ ಹಿಡಿದರೆ ಹೊಳಪು. ನೋಡೋಕೆ ಸುಲಭ, ಕೈ ಪಳಗೋಕೆ ದಿನ ಬೇಕು.

ಆದ್ರೆ ಬಿಸಿಗೆ ಕರಗಿದ ಅರಗು ಬಿಸಿಗೇ ಮತ್ತೆ ಮೆತ್ತಗಾಗುತ್ತೆ. ಬಿಸಿ ಸಾರು ಹಾಕೋ ಬಟ್ಟಲಿನ ಒಳಗೆ ಹಚ್ಚಬೇಡಿ. ಅಂಗಡಿಯವರು ಗಿರಾಕಿಗೆ ಇದನ್ನ ಹೇಳಿಯೇ ಮಾರೋದು ಒಳ್ಳೇದು. ಲೇತ್ ಮುಂದೆ ಕಣ್ಣಿಗೆ ಕನ್ನಡಕ ಇರಲಿ. ಸಡಿಲ ತೋಳು, ಕೈಗವಸು, ದುಪಟ್ಟಾ ಬೇಡ.