ಚಿಕ್ಕಮ್ಮನ ಕಾಯಿಲೆಯ ಹೆಸರು

ನಮ್ಮ ಚಿಕ್ಕಮ್ಮ ಒಮ್ಮೊಮ್ಮೆ ವಾರಗಟ್ಟಲೆ ನಿದ್ದೆಯಿಲ್ಲದೆ ಓಡಾಡುತ್ತಿದ್ದರು. ನಡುರಾತ್ರಿ ಎದ್ದು ಅಂಗಳ ಸಾರಿಸಿ ಬೀದಿಯುದ್ದಕ್ಕೂ ರಂಗೋಲಿ ಇಡುವರು. ಕೈಯಲ್ಲಿದ್ದ ದುಡ್ಡನ್ನೆಲ್ಲ ಕಂಡವರಿಗೆ ಕೊಟ್ಟುಬಿಡುವರು. ಇನ್ನೊಮ್ಮೆ ಕೋಣೆಯ ಮೂಲೆ ಹಿಡಿದರೆ ತಿಂಗಳುಗಟ್ಟಲೆ ತಲೆ ಬಾಚುವುದೂ ಬೇಡ. ಇವೆರಡರ ನಡುವೆ ವರ್ಷಗಟ್ಟಲೆ ಚೆನ್ನಾಗಿದ್ದು, ಮನೆಯ ಲೆಕ್ಕ ಬರೆದು, ನನಗೆ ಮಗ್ಗಿ ಕಲಿಸಿದವರೂ ಅವರೇ. ಆದರೂ ಬೀದಿಯವರ ಬಾಯಲ್ಲಿ ಅವರಿಗಿದ್ದದ್ದು ಒಂದೇ ಹೆಸರು: ಹುಚ್ಚಿ.

ಐವತ್ತು ದಾಟಿದ ಮೇಲೆ ಪಟ್ಟಣದ ವೈದ್ಯರೊಬ್ಬರು ‘ಮ್ಯಾನಿಕ್ ಡಿಪ್ರೆಷನ್’ ಎಂದರು. ಅದನ್ನೇ ಈಗ ‘ಬೈಪೋಲಾರ್’ ಎನ್ನುತ್ತಾರೆ. ಮೇಷ್ಟ್ರ ಕೆಲಸದವಳಿಗೆ ಪದದ ಮೂಲ ಕೆದಕುವ ಚಟ. ಕೆದಕಿದಾಗ ದಾರಿ ಪ್ಯಾರಿಸ್ಸಿಗೆ ಹೋಯಿತು.

ಅಲ್ಲಿ 1854ರಲ್ಲಿ ಫಾಲ್ರೆ ಎಂಬ ವೈದ್ಯರು ಇದನ್ನು ‘ವರ್ತುಲ ಉನ್ಮಾದ’ ಎಂಬರ್ಥದ ಹೆಸರಿನಿಂದ ಕರೆದರು. ಉಬ್ಬರ, ಕುಗ್ಗು, ನಡುವೆ ನೆಮ್ಮದಿಯ ಕಾಲ, ಈ ಮೂರೂ ಸುತ್ತಿ ಸುತ್ತಿ ಬರುತ್ತವೆ ಎಂದು ಅವರು ಕಂಡಿದ್ದರು. ಅದೇ ವರ್ಷ ಬೈಲಾರ್ಜೆ ಎಂಬುವರು ‘ಎರಡು ರೂಪದ ಉನ್ಮಾದ’ ಎಂದರು. ಮೊದಲು ಕಂಡವರು ಯಾರೆಂದು ಇಬ್ಬರಿಗೂ ಜಟಾಪಟಿಯಾಯಿತು. 1899ರಲ್ಲಿ ಜರ್ಮನಿಯ ಕ್ರೆಪೆಲಿನ್ ಬಳಸಿದ ‘ಮ್ಯಾನಿಕ್ ಡಿಪ್ರೆಸಿವ್’ ಎಂಬ ಹೆಸರು ಬಹುಕಾಲ ನಿಂತಿತು. 1957ರಲ್ಲಿ ಕಾರ್ಲ್ ಲಿಯೊನ್‌ಹಾರ್ಡ್ ಎರಡೂ ತುದಿ ಕಂಡವರನ್ನು ಒಂದೇ ತುದಿಯಲ್ಲಿ ನರಳುವವರಿಂದ ಬೇರೆ ಮಾಡಿದರು. ಬೈಪೋಲಾರ್ ಎಂದರೆ ಎರಡು ಧ್ರುವಗಳದ್ದು. ಅಮೆರಿಕದ ಮನೋವೈದ್ಯರ ಕೈಪಿಡಿ 1980ರಲ್ಲಿ ಆ ಹೆಸರನ್ನು ಒಪ್ಪಿತು. ಇದೇ ಕಾಯಿಲೆಯನ್ನು ಸ್ವತಃ ಅನುಭವಿಸಿದ ಮನಶ್ಶಾಸ್ತ್ರಜ್ಞೆ ಕೇ ಜೇಮಿಸನ್ ಮಾತ್ರ 1995ರ ತಮ್ಮ ಆತ್ಮಕಥನದಲ್ಲಿ, ಹಳೆಯ ಹೆಸರೇ ತಮಗೆ ಸರಿಯೆನಿಸುತ್ತದೆ ಎಂದರು.

ನನ್ನ ಮನಸ್ಸು ನಿಂತದ್ದು ಫಾಲ್ರೆಯವರ ಹೆಸರಿನಲ್ಲಿ. ಅದರಲ್ಲಿ ನೆಮ್ಮದಿಯ ದಿನಗಳಿಗೂ ಜಾಗವಿತ್ತು. ‘ಹುಚ್ಚಿ’ ಎಂಬುದರಲ್ಲಿ ಮಗ್ಗಿ ಕಲಿಸಿದ ಚಿಕ್ಕಮ್ಮನಿಗೆ ಜಾಗವೇ ಇರಲಿಲ್ಲ. ಹೆಸರು ತಪ್ಪಿದರೆ ದಾರಿಯೂ ತಪ್ಪುತ್ತದೆ. ಹುಚ್ಚು ಎಂದುಕೊಂಡ ನಾವು ಹರಕೆ, ತಾಯಿತಗಳಲ್ಲೇ ವರ್ಷಗಳನ್ನು ಕಳೆದೆವು. ಲಿಥಿಯಂ ಈ ಉಬ್ಬರವನ್ನು ಇಳಿಸುತ್ತದೆಂದು ಆಸ್ಟ್ರೇಲಿಯದ ಜಾನ್ ಕೇಡ್ 1949ರಲ್ಲೇ ಬರೆದಿದ್ದರು. ಆ ಮಾತ್ರೆ ಚಿಕ್ಕಮ್ಮನಿಗೆ ಸಿಗುವ ಹೊತ್ತಿಗೆ ಅವರ ಅರ್ಧ ಬದುಕು ಮುಗಿದಿತ್ತು. ಉಳಿದರ್ಧವನ್ನು ಅವರು ಬಹುಮಟ್ಟಿಗೆ ನೆಮ್ಮದಿಯಾಗಿಯೇ ಬಾಳಿದರು.

ಈಗ ನನ್ನ ತರಗತಿಯ ಹುಡುಗಿಯರು ಗಳಿಗೆಗೊಂದು ಬುದ್ಧಿಯ ಗೆಳತಿಯನ್ನು ‘ಬೈಪೋಲಾರ್’ ಎಂದು ಹಂಗಿಸುತ್ತಾರೆ. ಪದ ಹೊಸದು, ಏಟು ಹಳೆಯದೇ. ಅದನ್ನು ಕೇಳಿದ ದಿನ ಪಾಠ ನಿಲ್ಲಿಸಿ, ಚಿಕ್ಕಮ್ಮ ನನಗೆ ಮಗ್ಗಿ ಕಲಿಸಿದ್ದನ್ನು ಹೇಳುತ್ತೇನೆ.