ಪದ ಪರಿಚಯ: ಉತಾರ

ಉತಾರ

ಸಿರಸಂಗಿ ಸೀಮೆಯಲ್ಲಿ ಹೊಲದ ಪಹಣಿಗೆ ಉತಾರ ಎನ್ನುವುದೇ ರೂಢಿ. ಈ ಸೀಮೆ ಇರುವ ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಕಂದಾಯ ದಫ್ತರದ ಜತೆ ಬಂದು ಇಲ್ಲೇ ಉಳಿದ ಮರಾಠಿ ಮಾತಿದು. ಅಲ್ಲಿ ‘ಉತರಣೆ’ ಎಂದರೆ ಇಳಿಯುವುದು. ಬೇರು ಸಂಸ್ಕೃತದ ‘ತೄ’ ಧಾತು. ‘ಅವತಾರ’ ಹುಟ್ಟಿದ್ದೂ ಅದರಿಂದಲೇ. ದೊಡ್ಡ ದಾಖಲೆಯಿಂದ ಬೇಕಾದಷ್ಟನ್ನು ಬೇರೆ ಹಾಳೆಗೆ ಇಳಿಸಿಕೊಂಡ ನಕಲೇ ‘ಉತಾರಾ’. ಮರಾಠಿಯಲ್ಲಿ ಇಳಿಜಾರು ‘ಉತಾರ್’, ವಿಷ ಇಳಿಸುವ ಮದ್ದೂ ‘ಉತಾರಾ’! ಮಹಾರಾಷ್ಟ್ರದ ರೈತರಿಗೆ ಇಂದಿಗೂ ‘ಸಾತ್‌ಬಾರಾ ಉತಾರಾ’ ಎಂಬ ಪಹಣಿ ಇಲ್ಲದೆ ಬೆಳೆಸಾಲವಿಲ್ಲ.

ಈಗ ‘ಉತಾರ ಡೌನ್‌ಲೋಡ್ ಮಾಡ್ರಿ’ ಅನ್ನುತ್ತೇವೆ. ಇಳಿಸಿದ್ದನ್ನೇ ಮತ್ತೆ ಇಳಿಸಿದಂತಾಯಿತು, ಇರಲಿ. ‘ಡೌನ್‌ಲೋಡ್’ಗೆ ಕನ್ನಡ ಹುಡುಕುವ ಪಂಡಿತರು ಈ ಹಳೆಯ ಮಾತನ್ನು ಗಮನಿಸಿದಂತಿಲ್ಲ.

ಇಳಿಸಿಕೊಳ್ಳುವಾಗ ಎರಡು ನೋಡಿ. ಪಹಣಿ ಸಿಗುವ ಸರಕಾರಿ ‘ಭೂಮಿ’ ತಾಣದ ಹೆಸರು ‘ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಎಂದೇ ಮುಗಿಯಬೇಕು. ಬರುವ ಕಡತ ಪಿಡಿಎಫ್ ಆಗಿರಬೇಕು. ವಾಟ್ಸ್‌ಆ್ಯಪ್‌ನಲ್ಲಿ ‘ಉತಾರ’ ಎಂಬ ಹೆಸರು ಹೊತ್ತು ಬಂದದ್ದರ ಬಾಲದಲ್ಲಿ ‘ಎಪಿಕೆ’ ಎಂದಿದ್ದರೆ ಅದು ದಾಖಲೆಯಲ್ಲ, ಆ್ಯಪ್, ತೆರೆಯದೆ ಅಳಿಸಿಬಿಡಿ.